ರಾತ್ರಿ ಮೀಟರಿನ ಅಂಕೆ ಎಲ್ಲಿ ಹೋಯಿತು?

ಕಾಪುವಿನ ಸುತ್ತಮುತ್ತ ಬೀಗ ಹಾಕಿದ ಮನೆಗಳು ಬಹಳ. ಮನೆಯವರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಜಗಲಿಯಲ್ಲೊಂದು ಸಿಸಿ ಕ್ಯಾಮೆರಾ ಇಟ್ಟು ಅಲ್ಲಿಂದಲೇ ಮೊಬೈಲಿನಲ್ಲಿ ಮನೆ ನೋಡುತ್ತಾರೆ. ಆ ಕ್ಯಾಮೆರಾಕ್ಕೆ ಕರೆಂಟಿನ ಮೀಟರೂ ಕಂಡರೆ ಒಳ್ಳೆಯದಲ್ಲವೇ? ಯಾರೂ ಇಲ್ಲದ ಮನೆಯಲ್ಲಿ ಯೂನಿಟ್ ಸರಸರ ಏರುತ್ತಿದ್ದರೆ ಬಾವಿಯ ಪಂಪ್ ಓಡುತ್ತಲೇ ಇದೆಯೇನೋ ಎಂದು ಅನುಮಾನಿಸಬಹುದು.

ಹಗಲು ಅಂಕೆ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಮಾತ್ರ ಒಂದು ವಿಚಿತ್ರ. ಗೋಡೆ ಕಾಣುತ್ತದೆ, ಮೀಟರಿನ ಪೆಟ್ಟಿಗೆ ಕಾಣುತ್ತದೆ, ಅದರ ಮೇಲೆ ಕೂತ ಹಲ್ಲಿಯೂ ಕಾಣುತ್ತದೆ. ಅಂಕೆಯಿರುವ ಕಿಟಕಿ ಮಾತ್ರ ಖಾಲಿ!

ಮಕ್ಕಳೇ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ತಾನೇ ಬೆಳಕು ಚೆಲ್ಲುತ್ತದೆ. ಮೀಟರಿನ ಅಂಕೆ ಹಾಗಲ್ಲ. ಕ್ಯಾಲ್ಕ್ಯುಲೇಟರ್, ಬಿಪಿ ಮೆಷಿನ್, ಹಲವು ಮೀಟರುಗಳ ಕಪ್ಪು ಅಂಕೆಗಳಿಗೆ ಸ್ವಂತ ಬೆಳಕಿಲ್ಲ. ಹೊರಗಿನ ಬೆಳಕು ಒಳಗೆ ಹೋಗಿ, ಹಿಂದಿನ ಹಾಳೆಗೆ ತಾಗಿ ಮರಳಿ ಬಂದರೆ ಕಿಟಕಿ ಬೆಳ್ಳಗೆ. ನಡುವೆ ಎಲ್ಲಿ ತಡೆಯಾಗುತ್ತದೋ ಅಲ್ಲಿ ಕಪ್ಪು.

ತಡೆಯುವುದು ಯಾರು? ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಅಲುಗುತ್ತಾ ಬರುತ್ತವೆ. ಗಾಜಿನ ಮೇಲಿರುವ ಒಂದು ತೆಳು ಹಾಳೆ, ಅಂದರೆ ಪೋಲರೈಸರ್, ಒಂದು ದಿಕ್ಕಿಗೆ ಅಲುಗುವ ಅಲೆಗಳನ್ನಷ್ಟೇ ಒಳಗೆ ಬಿಡುತ್ತದೆ. ಕೆಳಗೆ ಇನ್ನೊಂದು ಹಾಳೆಯನ್ನು ಅಡ್ಡಲಾಗಿ ಇಟ್ಟಿರುತ್ತಾರೆ. ಎರಡರ ನಡುವೆ ದ್ರವಸ್ಫಟಿಕ ಇದೆ. ಇದು ದ್ರವದ ಹಾಗೆ ಹರಿಯುತ್ತದೆ, ಆದರೂ ಇದರ ಅಣುಗಳು ಸಾಲು ಹಿಡಿದು ನಿಲ್ಲುತ್ತವೆ. ಇವು ಬೆಳಕಿನ ಅಲುಗಾಟವನ್ನು ಮೆಲ್ಲಗೆ ತಿರುಗಿಸಿ ಎರಡನೇ ಹಾಳೆಯನ್ನೂ ದಾಟಿಸುತ್ತವೆ. ಚೂರು ವಿದ್ಯುತ್ ಕೊಟ್ಟರೆ ಅಣುಗಳು ನೆಟ್ಟಗಾಗುತ್ತವೆ, ತಿರುಗಿಸುವ ಕೆಲಸ ನಿಲ್ಲುತ್ತದೆ. ಬೆಳಕು ಅಲ್ಲೇ ಸಿಕ್ಕಿಬೀಳುತ್ತದೆ. ಆ ಜಾಗವೇ ನಮಗೆ ಕಾಣುವ ಕಪ್ಪು ಗೆರೆ. ಇಂಥ ಏಳು ಗೆರೆ ಸೇರಿದರೆ 8.

ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ಹೊಸ ಬಗೆಯ ದ್ರವಸ್ಫಟಿಕವನ್ನೇ ಕಂಡುಹಿಡಿದರು. ಮೀಟರಿನಲ್ಲಿರುವುದು ಕಡ್ಡಿಯಾಕಾರದ ಅಣುಗಳು.

ಈಗ ಹಲ್ಲಿಯ ವಿಷಯಕ್ಕೆ ಬರೋಣ. ಕತ್ತಲಾದರೆ ಸಿಸಿ ಕ್ಯಾಮೆರಾ ಅವಗೆಂಪು ಬೆಳಕು ಬೀರುತ್ತದೆ. ಇದು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಮೀಟರಿನ ಹಾಳೆಗಳನ್ನು ಮಾಡಿರುವುದು ನಮ್ಮ ಕಣ್ಣಿನ ಬೆಳಕಿಗೆ. ಅವಗೆಂಪನ್ನು ಅವು ತಡೆಯುವುದೇ ಇಲ್ಲ. ಎಲ್ಲ ಕಡೆಯಿಂದಲೂ ಬೆಳಕು ಮರಳಿ ಬರುತ್ತದೆ, ಅಂಕೆ ಮಾಯ! ಅಂಕೆ ಅಲ್ಲೇ ಇದೆ. ಅದನ್ನು ಕಾಣಿಸುವ ಬೆಳಕು ಇಲ್ಲ, ಅಷ್ಟೆ. ಹಾಗಾಗಿ ಅಲ್ಲೊಂದು ಪುಟ್ಟ ಬಿಳಿ ದೀಪ ಬೇಕು.

ಆ ದೀಪ ಎಲ್ಲಿರಬೇಕು ಎನ್ನುವುದೇ ಮುಖ್ಯ. ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ಗಾಜಿಗೆ ಬಡಿದ ಬೆಳಕು ನೇರ ಕ್ಯಾಮೆರಾಕ್ಕೇ ವಾಪಸ್ಸು. ಅಂಕೆಯ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಕೇರಂ ಬೋರ್ಡಿನ ಅಂಚಿಗೆ ಹೊಡೆದ ಸ್ಟ್ರೈಕರ್ ಬಂದ ಓರೆಯಲ್ಲೇ ಆಚೆ ಹೋಗುತ್ತದಲ್ಲ, ಬೆಳಕೂ ಹಾಗೆಯೇ. ದೀಪವನ್ನು ಮೇಲಿನಿಂದ ಓರೆಯಾಗಿ ಹಿಡಿದರೆ ಹೊಳಪು ನೆಲದ ಕಡೆ ಜಾರಿ, ಅಂಕೆ ಮಾತ್ರ ಕ್ಯಾಮೆರಾಕ್ಕೆ ಸಿಗುತ್ತದೆ. ತೀರಾ ಓರೆ ಮಾಡಿದರೆ ಗೆರೆಯ ನೆರಳು ಹಿಂದಿನ ಹಾಳೆಯ ಮೇಲೆ ಬಿದ್ದು 3 ಎರಡೆರಡಾಗಿ ಕಾಣುತ್ತದೆ.

ಕಲ್ಲಿನ ಶಾಸನ ಓದುವವರಿಗೆ ಬೇಕಾದದ್ದು ಆ ನೆರಳೇ! ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ ಎಂದು ನಮಗೆ ತಿಳಿಸಿದ್ದು ಶಾಸನ. ಸವೆದ ಕಲ್ಲಿಗೆ ನೇರ ಬೆಳಕು ಬಿದ್ದರೆ ಅಕ್ಷರ ಕಾಣದು. ಬದಿಯಿಂದ ಟಾರ್ಚ್ ಹಿಡಿದರೆ ಕೆತ್ತಿದ ಗುಳಿಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ.

ನೀವೂ ಮಾಡಿ ನೋಡಿ. ಕತ್ತಲ ಕೋಣೆಯಲ್ಲಿ ಕ್ಯಾಲ್ಕ್ಯುಲೇಟರಿನಲ್ಲಿ 8 ಒತ್ತಿ, ಮೊಬೈಲಿನ ಫ್ಲ್ಯಾಶ್ ಹಾಕಿ ನೇರವಾಗಿ ಒಂದು ಫೋಟೋ ತೆಗೆಯಿರಿ. ಆಮೇಲೆ ಫ್ಲ್ಯಾಶ್ ಆರಿಸಿ, ತಮ್ಮನೋ ತಂಗಿಯೋ ಮೇಲಿನಿಂದ ಓರೆಯಾಗಿ ಟಾರ್ಚ್ ಹಿಡಿದಾಗ ಇನ್ನೊಂದು. ಪ್ರಯೋಗಕ್ಕೆ ಕ್ಯಾಲ್ಕ್ಯುಲೇಟರ್ ಸಾಕು. ಕರೆಂಟಿನ ಮೀಟರನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ದೀಪ ಹಾಕುವ ಕೆಲಸ ಎಲೆಕ್ಟ್ರಿಷಿಯನ್ನರಿಗೇ ಇರಲಿ.