ಮೊದಲು ಒಂದು ಚಿಕ್ಕ ಆಟ
(ವಾಚನಾಲಯದಲ್ಲಿ ಮಾಡಿದ ಭಾಷಣ)



ವಿಡಿಯೋ ಗೇಮನ್ನು ಒಬ್ಬನೇ ಕುಳಿತು ರಚಿಸಬಹುದೇ ಎಂದು ತರುಣ ಮಿತ್ರರು ಕೇಳುತ್ತಾರೆ. ರಚಿಸಬಹುದು, ಆದರೆ ಮೊದಲ ಕೆಲಸ ಚಿಕ್ಕದಾಗಿರಬೇಕು.

1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಗೆ ಹೊಸದಾಗಿ ಸೇರಿದ ಆಲನ್ ಆಲ್ಕಾರ್ನ್ ಅವರಿಗೆ ಕೈ ಪಳಗಲೆಂದು ಕೊಟ್ಟ ಅಭ್ಯಾಸವೇ ‘ಪಾಂಗ್’. ಒಂದು ಚೆಂಡು, ಎರಡು ಬ್ಯಾಟು, ಅಂಕಗಳು, ಇಷ್ಟೇ. ಆ ಅಭ್ಯಾಸವೇ ಜಗತ್ಪ್ರಸಿದ್ಧವಾಯಿತು.

ಅವರು ಬಿಡಿಭಾಗಗಳನ್ನು ಬೆಸೆದು ಮಾಡಿದ್ದನ್ನು ಇಂದು ಕಂಪ್ಯೂಟರಿನಲ್ಲಿ ಬರೆದೇ ಮಾಡಬಹುದು. ‘ಗೊಡೊ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಚೆಂಡಿನ ಸ್ಥಾನಕ್ಕೆ 2 ಸಂಖ್ಯೆ, ವೇಗಕ್ಕೆ 2 ಸಂಖ್ಯೆ. ಕ್ಷಣಕ್ಷಣಕ್ಕೂ ವೇಗವನ್ನು ಸ್ಥಾನಕ್ಕೆ ಕೂಡಿಸಿದರೆ ಚೆಂಡು ಓಡುತ್ತದೆ. ಗೋಡೆಗೆ ತಗುಲಿದೊಡನೆ ಕೂಡುವ ಬದಲು ಕಳೆದರೆ ಹಿಂದಿರುಗುತ್ತದೆ. ಜಮಾಖರ್ಚು ಬರೆಯುವ ಕೈಗೆ ಇದು ಕಠಿಣವಲ್ಲ. ಆಲ್ಕಾರ್ನ್ ಬ್ಯಾಟನ್ನು 8 ಭಾಗ ಮಾಡಿ, ತಗುಲಿದ ಭಾಗಕ್ಕೆ ತಕ್ಕಂತೆ ಚೆಂಡಿನ ಓರೆಯನ್ನು ಬದಲಿಸಿದರು. ಆಟಕ್ಕೆ ಜೀವ ಬಂದುದು ಅಲ್ಲಿಯೇ.

ಎರಿಕ್ ಬರೋನ್ ಒಬ್ಬರೇ 4 ವರ್ಷಕ್ಕೂ ಮಿಕ್ಕಿ ದುಡಿದು ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು 2016ರಲ್ಲಿ ಹೊರತಂದರು. ಅದನ್ನು ಕಂಡು ನೌಕರಿ ಬಿಡಬೇಡಿರಿ. ದಿನಕ್ಕೊಂದು ಗಂಟೆ ಮೀಸಲಿಡಿರಿ. ಅರ್ಧಕ್ಕೆ ನಿಂತ ದೊಡ್ಡ ಆಟಕ್ಕಿಂತ ಮುಗಿದ ಚಿಕ್ಕ ಆಟ ಹೆಚ್ಚು ಕಲಿಸುತ್ತದೆ. ಮುಗಿದುದನ್ನು ಕೋಣೆಯ ಗೆಳೆಯನ ಕೈಗೆ ಕೊಡಿರಿ. ಅವನು ತಡವರಿಸಿದಲ್ಲಿಯೇ ನಿಮ್ಮ ಮುಂದಿನ ಪಾಠವಿದೆ.