ಮನೆಯ ಭಾವಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಎಡನೀರಿನಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯಲ್ಲಿ ಭಾಷೆ, ಶಾಲೆ, ಸಾಹಿತ್ಯಗಳ ಮಾತು ಬರುವುದು ವಾಡಿಕೆ. ಇಂದು ನಾನು ಆಡಬೇಕೆಂದಿರುವುದು ನಮ್ಮ ಮನೆಯ ಕಪಾಟಿನಲ್ಲಿಯೂ ಕೈಯ ಮೊಬೈಲಿನಲ್ಲಿಯೂ ತುಂಬಿರುವ ಭಾವಚಿತ್ರಗಳ ಮಾತು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ೧೯೫೬ನೆಯ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಇಲ್ಲಿಯ ಕನ್ನಡ ಬಾಳು ಹೇಗೆ ನಡೆದುಬಂದಿತೆಂಬುದಕ್ಕೆ ಸರಕಾರದ ಕಡತಗಳಿಗಿಂತಲೂ ಹತ್ತಿರದ ಸಾಕ್ಷಿಗಳು ಈ ಚಿತ್ರಗಳೇ. ಕನ್ನಡ ಫಲಕದ ಮುಂದೆ ಸಾಲಾಗಿ ಕುಳಿತ ಶಾಲಾ ಮಕ್ಕಳು, ಮದುವೆಯ ಚಪ್ಪರ, ಅಡಕೆ ಹರಡಿದ ಅಂಗಳ, ಯಕ್ಷಗಾನದ ಚೌಕಿ – ಇವನ್ನು ನಾವು ಉಳಿಸದಿದ್ದರೆ ಮತ್ತಾರು ಉಳಿಸಿಯಾರು?

ಈ ಊರಿನದೇ ಒಂದು ನಿದರ್ಶನವನ್ನು ಕೊಡುತ್ತೇನೆ. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರ ಹೆಸರನ್ನು ಹೊತ್ತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ೧೩ ಮಂದಿ ನ್ಯಾಯಮೂರ್ತಿಗಳು ೧೯೭೩ನೆಯ ಏಪ್ರಿಲ್ ೨೪ರಂದು ತೀರ್ಪನ್ನಿತ್ತರು. ಆ ತೀರ್ಪಿನ ಪ್ರತಿಗಳು ದೇಶವಿದೇಶಗಳ ಗ್ರಂಥಾಲಯಗಳಲ್ಲಿವೆ. ಒಂದೆಡೆ ನಷ್ಟವಾದರೆ ಇನ್ನೊಂದೆಡೆ ದೊರೆಯುತ್ತದೆ. ಸ್ವಾಮಿಗಳವರು ಬ್ರಹ್ಮೈಕ್ಯರಾದುದು ೨೦೨೦ನೆಯ ಸೆಪ್ಟೆಂಬರ್ ೬ರಂದು. ಸಂಗೀತದಲ್ಲಿಯೂ ಯಕ್ಷಗಾನದಲ್ಲಿಯೂ ಅವರಿಗಿದ್ದ ಅಭಿರುಚಿಯನ್ನು ಕಣ್ಣಾರೆ ಕಂಡವರು ತೆಗೆದುಕೊಂಡ ಚಿತ್ರವೊಂದು ಯಾವುದೋ ಮನೆಯ ಒಂದೇ ಮೊಬೈಲಿನಲ್ಲಿದ್ದರೆ, ಆ ಮೊಬೈಲು ಬಾವಿಗೆ ಬಿದ್ದ ದಿನವೇ ಆ ಚಿತ್ರದ ಆಯುಸ್ಸು ತೀರಿತು. ಬಹುಪ್ರತಿಯಾದುದು ಬಾಳುತ್ತದೆ, ಒಂಟಿಯಾದುದು ಅಳಿಯುತ್ತದೆ: ನನ್ನ ಮಾತಿನ ಸಾರ ಇಷ್ಟೆ.

ಇದು ಹೊಸ ಮಾತಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ನಮ್ಮ ತನಕ ಬಂದುದು ತಾಳೆಗರಿಯಿಂದ ತಾಳೆಗರಿಗೆ, ಕೈಬರಹದಿಂದ ಕೈಬರಹಕ್ಕೆ, ಮನೆಯಿಂದ ಮನೆಗೆ ನಕಲಾಗುತ್ತ ಬಂದುದರಿಂದ. ಗರಿ ಜೀರ್ಣವಾಗುವ ಮೊದಲೇ ಪ್ರತಿ ಮಾಡತಕ್ಕದ್ದೆಂಬ ವಿವೇಕ ನಮ್ಮ ಹಿರಿಯರಿಗಿತ್ತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಕನ್ನಡದಲ್ಲಿಯೇ ಇದೆ. ೧೯೩೪ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಸಾವಿರಾರು ಜನ ನೋಡಿ ನಲಿದುದೂ ಕಾಪಿಡುವವರಿಲ್ಲದೆ ಹೋಗುತ್ತದೆಂದ ಮೇಲೆ ಮನೆಯ ಚಿತ್ರದ ಪಾಡೇನು?

ನಮ್ಮ ಸೀಮೆಯಲ್ಲಿ ಚಿತ್ರಗಳಿಗೆ ಶತ್ರುಗಳು ಹಲವು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಕಾಗದದ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ, ಆಲ್ಬಮಿನ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಮುಂಗಾರಿನ ಮೊದಲೂ ತುಲಾಮಾಸದಲ್ಲಿಯೂ ಬರುವ ಸಿಡಿಲು ತಂತಿಯ ಮೂಲಕ ಕಂಪ್ಯೂಟರನ್ನು ಸುಟ್ಟುಹಾಕುತ್ತದೆ. ಅದಕ್ಕೇ ಜೋಡಿಸಿಟ್ಟ ಹಾರ್ಡ್ ಡಿಸ್ಕೂ ಅದರೊಡನೆಯೇ ಹೋದೀತು. ಸಿಡಿಲು ಬಾರದಿದ್ದರೂ ಹಾರ್ಡ್ ಡಿಸ್ಕು ಚಿರಂಜೀವಿಯಲ್ಲ. ಕೆಲವೇ ವರ್ಷಗಳಲ್ಲಿ ಅದು ಕೆಡಬಹುದೆಂದು ತಿಳಿದೇ ನಡೆಯಬೇಕು. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳು ಸಾಗಿಸುವುದಕ್ಕೆ ಸರಿ, ಕೂಡಿಡುವುದಕ್ಕೆ ತಕ್ಕವಲ್ಲ.

ಹಾಗಾದರೆ ಮಾಡುವುದೇನು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಬಳಕೆಗೆ ತಂದ ‘ಮೂರು–ಎರಡು–ಒಂದು’ ಎಂಬ ಸೂತ್ರವುಂಟು: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ನಮ್ಮ ಮನೆಗಳಿಗೆ ಇದನ್ನು ಹೀಗೆ ಅನ್ವಯಿಸಬಹುದು. ಮೊದಲನೆಯ ಪ್ರತಿ ಮನೆಯ ಕಂಪ್ಯೂಟರಿನಲ್ಲಿ. ಎರಡನೆಯದು ನಕಲು ಮಾಡಿದ ಕೂಡಲೇ ತಂತಿ ಕಳಚಿ ಒಣಗಿದ ಡಬ್ಬಿಯಲ್ಲಿಡುವ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಅಂತರ್ಜಾಲದ ಸಂಗ್ರಹದಲ್ಲಿ, ಇಲ್ಲವೆ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಮಗಳ, ತಮ್ಮನ ಮನೆಯಲ್ಲಿ. ಚಿತ್ರವೊಂದಕ್ಕೆ ೪ ಮೆಗಾಬೈಟಿನಂತೆ ಹಿಡಿದರೆ ೨೦,೦೦೦ ಚಿತ್ರಗಳಿಗೆ ೮೦ ಗಿಗಾಬೈಟು ಸಾಕು. ಇಂದಿನ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಇದು ಭಾರವೇ ಅಲ್ಲ.

ಅಂತರ್ಜಾಲದಲ್ಲಿ ಹಾಕಿದೆವು, ಇನ್ನು ಚಿಂತೆಯಿಲ್ಲವೆಂದು ಕೆಲವರು ಭಾವಿಸುತ್ತಾರೆ. ಅದು ಬಾಡಿಗೆಯ ಉಗ್ರಾಣ. ಅದರ ಕಟ್ಟಳೆಗಳು ಒಡೆಯನ ಕೈಯಲ್ಲಿವೆ. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ೨೦೨೧ನೆಯ ಜೂನ್ ೧ರಿಂದ ನಿಲ್ಲಿಸಿತು. ಹೊಸ ಚಿತ್ರಗಳು ೧೫ ಗಿಗಾಬೈಟಿನ ಉಚಿತ ಜಾಗದಲ್ಲಿ ಲೆಕ್ಕವಾಗತೊಡಗಿದವು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದೆಂಬ ನಿಯಮವೂ ಬಂದಿದೆ. ಆದುದರಿಂದ ಮನೆಯ ಹಿರಿಯರ ಖಾತೆಯ ಗುಪ್ತಪದವು ಮನೆಯ ಇನ್ನೊಬ್ಬ ವಿಶ್ವಾಸಿಗೆ ತಿಳಿದಿರುವುದು ಲೇಸು. ಇನ್ನೊಂದು ಎಚ್ಚರಿಕೆ: ಮೊಬೈಲು ಮತ್ತು ಅಂತರ್ಜಾಲದ ಸಂಗ್ರಹ ಪರಸ್ಪರ ಜೋಡಿಕೊಂಡಿದ್ದಾಗ ಒಂದರಲ್ಲಿ ಅಳಿಸಿದುದು ಇನ್ನೊಂದರಲ್ಲಿಯೂ ಅಳಿಯಬಹುದು. ಕನ್ನಡಿಯು ಕಾವಲುಗಾರನಲ್ಲ. ವಾಟ್ಸ್‌ಆ್ಯಪಿನಲ್ಲಿ ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗಿಹೋಗುತ್ತದೆ; ಮೂಲದಂತೆಯೇ ತಲಪಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳುಹಿಸತಕ್ಕದ್ದು.

ಹಳೆಯ ಕಾಗದದ ಚಿತ್ರಗಳನ್ನು ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿರಿ. ಮಾಡಿಸಿದ ಬಳಿಕ ಮೂಲವನ್ನು ಎಸೆಯಬೇಡಿರಿ. ಬೆನ್ನ ಮೇಲೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲಿನಿಂದ ಹಗುರಾಗಿ ಬರೆಯಿರಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯಬಹುದು.

ಬರೆಯುವುದೆಂದೆನಷ್ಟೆ, ಎಲ್ಲಕ್ಕಿಂತ ಮುಖ್ಯವಾದುದು ಅದೇ. ಹೆಸರಿಲ್ಲದ ಚಿತ್ರ ಅನಾಥ. ನಿಂತವರು ಯಾರು, ಊರು ಯಾವುದು, ವರ್ಷ ಯಾವುದು ಎಂಬುದನ್ನು ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆದಿಡಿರಿ. ಕಂಪ್ಯೂಟರಿನಲ್ಲಿ ವರ್ಷ, ತಿಂಗಳು, ಸಂದರ್ಭ ಎಂಬ ಕ್ರಮದಲ್ಲಿ ಕಡತಗಳಿಗೆ ಹೆಸರಿಟ್ಟು, ಒಂದೊಂದು ಕಡತದ ಜೊತೆಗೂ ಹೆಸರುಗಳ ಪಟ್ಟಿಯೊಂದನ್ನು ಸೇರಿಸಿರಿ. ಪ್ರತಿ ಮಾಡುವಾಗ ಅದೂ ಜೊತೆಗೇ ಸಾಗುತ್ತದೆ. ಆ ಪಟ್ಟಿ ಕನ್ನಡದಲ್ಲಿಯೇ ಇರಲಿ. ಇಂಗ್ಲಿಷಿನಲ್ಲಿಯೋ ಮಲೆಯಾಳದಲ್ಲಿಯೋ ಓದುತ್ತಿರುವ ಮೊಮ್ಮಕ್ಕಳಿಗೆ ತಮ್ಮ ಮುತ್ತಜ್ಜಿಯ ಹೆಸರನ್ನು ಓದುವುದಕ್ಕಾದರೂ ಕನ್ನಡದ ಅಕ್ಷರ ಬೇಕೆನಿಸಲಿ.

ಕೂಡಿಟ್ಟುದನ್ನು ತೆರೆದು ನೋಡುವುದಕ್ಕೆ ಕಾಲವೊಂದನ್ನು ಗೊತ್ತುಮಾಡಿಕೊಳ್ಳೋಣ. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ, ಮಳೆಗೆ ಮೊದಲು ಒಮ್ಮೆ. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ. ಅಂದು ಡಿಸ್ಕನ್ನು ಜೋಡಿಸಿ ಹತ್ತು ಚಿತ್ರಗಳನ್ನು ತೆರೆದು ನೋಡಿರಿ, ಹೊಸತನ್ನು ಸೇರಿಸಿರಿ, ಮುಪ್ಪಾದ ಡಿಸ್ಕಿದ್ದರೆ ಹೊಸತಕ್ಕೆ ನಕಲು ಮಾಡಿರಿ. ಮನೆಮಂದಿಯೆಲ್ಲ ಕೂಡಿ ಕುಳಿತರೆ ಅದೊಂದು ಹಬ್ಬವೇ ಆದೀತು.

ಗಡಿಯ ಗೆರೆಯನ್ನು ಎಳೆದವರು ನಾವಲ್ಲ. ಆದರೆ ಗೆರೆಯ ಈಚೆಗೆ ಕನ್ನಡಿಗರು ಬಾಳಿದರೆಂಬುದನ್ನು ಮುಖಸಮೇತ, ಹೆಸರುಸಮೇತ ಮುಂದಿನವರಿಗೆ ಒಪ್ಪಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಪತ್ತನಾಜೆಯೊಳಗೆ ಮನೆಗೊಂದು ಎರಡನೆಯ ಪ್ರತಿಯಾದರೂ ಆಗಲೆಂದು ಹಾರೈಸುತ್ತೇನೆ.