ಬೇಸ್ ಗಿಟಾರಿನ ದನಿ ಎಲ್ಲಿ ಹೋಯಿತು?

ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಕೇಳಿದ್ದೀರಾ? ತಗಡಿನ ಸೂರು, ಸಿಮೆಂಟಿನ ನೆಲ. ಒಮ್ಮೆ ಅಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ, ತನ್ನ ಸ್ವರ ಯಾರಿಗೂ ತಿಳಿಯುತ್ತಿಲ್ಲವೆಂದು ಸಾಲ ಮಾಡಿ ದೊಡ್ಡ ಆಂಪ್ಲಿಫೈಯರ್ ಕೊಳ್ಳಲು ಹೊರಟಿದ್ದ. “ತಡಿಯಪ್ಪ” ಎಂದೆ.

ಆ ವಾದ್ಯದ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿ, ಅಲೆಯ ಉದ್ದ 8 ಮೀಟರಿಗೂ ಹೆಚ್ಚು! ಗೋಡೆಗೆ ಬಡಿದು ಮರಳುವ ಇಂಥ ಅಲೆ ಮೂಲೆಯಲ್ಲಿ ಗುಂಯ್‌ಗುಡುತ್ತದೆ, ಕೆಲವು ಸಾಲುಗಳಲ್ಲಿ ಕೇಳಿಸುವುದೇ ಇಲ್ಲ.

ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆದೆವು. ಬೇಸ್ ಇಳಿಸಿ, ಮಿಡ್ ತುಸು ಏರಿಸಿದೆವು. ಮೇಲಿನ ಹಾರ್ಮೋನಿಕ್‌ಗಳು ಸ್ಪಷ್ಟವಾದರೆ ಸಾಕು, ಕೆಳಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. (ಪುಟ್ಟ ಟ್ರಾನ್ಸಿಸ್ಟರಿನಲ್ಲೂ ಬೇಸ್ ಕೇಳಿದಂತಾಗುವುದು ಹೀಗೆಯೇ.)

ಮುಂದಿನ ಹಾಡಿಗೆ ಹಿಂದಿನ ಸಾಲಿನ ಕಾರ್ಮಿಕರು ತಾಳ ಹಾಕತೊಡಗಿದರು.